ಮುದ್ರಕರ ಹೆಸರಿಲ್ಲದ ಕರಪತ್ರ

ಅಂತರ್ಜಾಲ ಬಂದ ಮೇಲೆ ರಾಜಕೀಯ ಜನರ ಕೈಗೆ ಬಂತು ಎಂಬ ಮಾತನ್ನು ಇನ್ನೂ ಎಷ್ಟು ವರ್ಷ ಕೇಳಿಸಿಕೊಳ್ಳಬೇಕು? ವಿಚಾರ ಸಂಕಿರಣದಲ್ಲಿ ಪ್ರಾಧ್ಯಾಪಕರು ಇದನ್ನೇ ಹೇಳುತ್ತಾರೆ. ಸಂಪಾದಕೀಯ ಪುಟದಲ್ಲಿ ಅಂಕಣಕಾರರು ಇದನ್ನೇ ಬರೆಯುತ್ತಾರೆ. ಪಕ್ಷದ ಕಚೇರಿಯ ಮಹಡಿಯಲ್ಲಿ ಕೂತ ಐ.ಟಿ. ಘಟಕದ ಹುಡುಗರೂ ಎದೆಯುಬ್ಬಿಸಿ ಇದನ್ನೇ ಹೇಳುತ್ತಾರೆ. ಹಿಂದೆ ಪ್ರಚಾರಕ್ಕೆ ಕೋಟಿಗಟ್ಟಲೆ ಬೇಕಿತ್ತು, ಈಗ ಒಂದು ಮೊಬೈಲ್ ಸಾಕಂತೆ. ಹಿಂದೆ ಪತ್ರಿಕೆಯ ಮಾಲೀಕ ಒಪ್ಪಿದ್ದಷ್ಟೇ ಸುದ್ದಿ, ಈಗ ಪ್ರತಿಯೊಬ್ಬನೂ ವರದಿಗಾರನಂತೆ. ಹಿಂದೆ ನಾಯಕ ವೇದಿಕೆಯ ಮೇಲೆ, ಜನ ಬಿಸಿಲಲ್ಲಿ. ಈಗ ಇಬ್ಬರೂ ಒಂದೇ ಪರದೆಯೊಳಗಂತೆ. ಕೇಳಲು ಹಿತವಾಗಿದೆ. ಆದರೆ ಪ್ರಾಧ್ಯಾಪಕರೂ ಐ.ಟಿ. ಘಟಕದವರೂ ಒಂದೇ ಮಾತನ್ನು ಒಂದೇ ಉತ್ಸಾಹದಿಂದ ಆಡುತ್ತಿದ್ದಾರೆ ಎಂದರೆ ಕೇಳುವವರಿಗೆ ಒಂದಿಷ್ಟಾದರೂ ಅನುಮಾನ ಬರಬೇಡವೇ?

ನನ್ನ ಆರೋಪ ನೇರವಾದದ್ದು. ಅಂತರ್ಜಾಲವು ಪ್ರಚಾರವನ್ನು ಜನರ ಕೈಗೆ ಕೊಡಲಿಲ್ಲ. ಪ್ರಚಾರ ಮಾಡುವವನ ಹೆಸರನ್ನು ಅಳಿಸಲು ಅನುಕೂಲ ಮಾಡಿಕೊಟ್ಟಿತು. ಹೇಳಿದವನು ಯಾರು, ಅದಕ್ಕೆ ದುಡ್ಡು ಕೊಟ್ಟವನು ಯಾರು, ಅದನ್ನು ಯಾರಿಗೆ ಮಾತ್ರ ಹೇಳಲಾಯಿತು, ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಂತೆ ಮಾಡಿದ್ದನ್ನೇ ನಾವು ಕ್ರಾಂತಿ ಎಂದು ಕರೆದು ಚಪ್ಪಾಳೆ ತಟ್ಟುತ್ತಿದ್ದೇವೆ.

ಚುನಾವಣೆ ಹೊತ್ತಿಗೆ ಮನೆ ಬಾಗಿಲಿಗೆ ಬರುವ ಕರಪತ್ರದ ಬುಡದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ: ಮುದ್ರಕರು ಇಂಥವರು, ಪ್ರಕಾಶಕರು ಇಂಥವರು. ಅದೇನೂ ಅಲಂಕಾರಕ್ಕೆ ಹಾಕಿದ್ದಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಅದನ್ನು ಕಡ್ಡಾಯ ಮಾಡಿದೆ. ಪ್ರಕಾಶಕ ತಾನು ಯಾರೆಂದು ಸಹಿ ಹಾಕಿ ಘೋಷಣೆ ಕೊಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದನ್ನು ದೃಢೀಕರಿಸಬೇಕು. ಅಚ್ಚಾದ ಮೇಲೆ ಒಂದು ಪ್ರತಿ ಅಧಿಕಾರಿಗಳಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲಗ್ನಪತ್ರಿಕೆ, ಬಿಲ್ ಬುಕ್ಕು ಅಚ್ಚು ಹಾಕಿ ಹೊಟ್ಟೆ ಹೊರೆಯುವ ತಾಲ್ಲೂಕು ಕೇಂದ್ರದ ಪ್ರೆಸ್ಸಿನವರು ಇವತ್ತಿಗೂ ಈ ಕಾನೂನಿಗೆ ಹೆದರುತ್ತಾರೆ. ಒಂದೇ ರಾತ್ರಿಯಲ್ಲಿ ಲಕ್ಷಾಂತರ ಫೋನುಗಳಿಗೆ ವಿಡಿಯೋ ಮುಟ್ಟಿಸುವ ಏಜೆನ್ಸಿ ಯಾರಿಗೆ ಹೆದರಬೇಕು? ಅದರ ಬುಡದಲ್ಲಿ ಯಾವ ಸಾಲು ಇದೆ?

‘ಸುಳ್ಳು ಹಿಂದೆ ಇರಲಿಲ್ಲವೇ’ ಎಂದು ಬುದ್ಧಿವಂತರು ತಕ್ಷಣ ಕೇಳುತ್ತಾರೆ. ಧಾರಾಳವಾಗಿತ್ತು. ಮತದಾನದ ಹಿಂದಿನ ರಾತ್ರಿ ‘ಇಂಥ ಅಭ್ಯರ್ಥಿ ಕಣದಿಂದ ನಿವೃತ್ತ’ ಎಂಬ ನಕಲಿ ಕರಪತ್ರ ಹಂಚುವುದು ನಮ್ಮ ಹಳೆಯ ವಿದ್ಯೆ. ಆದರೆ ಆ ಸುಳ್ಳಿಗೆ ಹಂಚುವ ಕೈಗಳು ಬೇಕಿದ್ದವು, ಓಡಾಡುವ ಜೀಪು ಬೇಕಿತ್ತು. ಊರಿನ ಒಬ್ಬನಾದರೂ ಎದುರು ಪಕ್ಷದವನು ಅದನ್ನು ನೋಡಿ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದ. ಚೌಕದಲ್ಲಿ ಮೈಕು ಹಿಡಿದು ಹೇಳಿದ ಸುಳ್ಳನ್ನು ಇಡೀ ಚೌಕ ಕೇಳುತ್ತಿತ್ತು. ಮರುದಿನ ಅದೇ ಚೌಕದಲ್ಲಿ ಉತ್ತರ ಕೊಡಲು ಜಾಗ ಇತ್ತು. ಇವತ್ತು ನನ್ನ ಫೋನಿಗೆ ಬಂದದ್ದು ಪಕ್ಕದ ಮನೆಯವನ ಫೋನಿಗೆ ಬಂದಿಲ್ಲ. ಅವನಿಗೆ ಬಂದದ್ದು ಏನೆಂದು ನನಗೆ ಗೊತ್ತಿಲ್ಲ. ಇಬ್ಬರೂ ಒಂದೇ ಮತಗಟ್ಟೆಯ ಸಾಲಿನಲ್ಲಿ ನಿಂತಿರುತ್ತೇವೆ, ಬೇರೆ ಬೇರೆ ಚುನಾವಣೆಗೆ ಮತ ಹಾಕಲು. ಎದುರಾಳಿಯ ಕಿವಿಗೆ ಬೀಳದ ಮಾತಿಗೆ ಎದುರಾಳಿ ಉತ್ತರ ಕೊಡುವುದಾದರೂ ಹೇಗೆ?

ಕಾನೂನು ಯಾವುದನ್ನು ಬೆನ್ನಟ್ಟುತ್ತದೆ, ಯಾವುದನ್ನು ಬಿಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಘಟನೆಗಳಿವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇ ಸಿಎಂ’ ಪೋಸ್ಟರುಗಳು ಕಾಣಿಸಿಕೊಂಡವು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವಿದ್ದ ಕ್ಯೂಆರ್ ಕೋಡು. ಸ್ಕ್ಯಾನ್ ಮಾಡಿದರೆ ಶೇ 40 ಕಮಿಷನ್ ಆರೋಪದ ಜಾಲತಾಣಕ್ಕೆ ಹೋಗುತ್ತಿತ್ತು. ಪೊಲೀಸರು ತಡಮಾಡಲಿಲ್ಲ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆಯಡಿ ಮೊಕದ್ದಮೆ ಹೂಡಿದರು. ಪೋಸ್ಟರ್ ಅಂಟಿಸಲು ಹೊರಟ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಅವರನ್ನೂ ವಶಕ್ಕೆ ಪಡೆದರು. ಗೋಡೆ, ಗೋಂದು, ಪೊರಕೆಗಳೆಲ್ಲ ಕಾನೂನಿನ ಕಣ್ಣಿಗೆ ಬಿದ್ದವು.

ಈಗ 2024ಕ್ಕೆ ಬನ್ನಿ. ಲೋಕಸಭೆ ಚುನಾವಣೆಯ ನಡುವೆ, ಮೇ 4ರಂದು, ರಾಜ್ಯ ಬಿಜೆಪಿಯ ಅಧಿಕೃತ ಎಕ್ಸ್ ಖಾತೆಯಲ್ಲಿ ಒಂದು ವ್ಯಂಗ್ಯಚಿತ್ರದ ವಿಡಿಯೋ ಬಂತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಎಂದು ಬರೆದ ಮೊಟ್ಟೆಗಳ ಗೂಡಿಗೆ ರಾಹುಲ್ ಗಾಂಧಿ ಮುಸ್ಲಿಂ ಎಂಬ ಮೊಟ್ಟೆ ತಂದಿಡುತ್ತಾರೆ. ಮರಿಯಾದ ಮೇಲೆ ಅದೊಂದಕ್ಕೇ ಕಾಳು, ಮಿಕ್ಕ ಮರಿಗಳು ಗೂಡಿನಿಂದ ಹೊರಕ್ಕೆ. ದೂರು ಹೋಯಿತು, ಎಫ್‌ಐಆರ್ ಆಯಿತು. ಸುಳ್ಳು ಪೋಸ್ಟುಗಳನ್ನು ಪಕ್ಷಗಳು ಮೂರು ಗಂಟೆಯೊಳಗೆ ತೆಗೆಯಬೇಕೆಂದು ಚುನಾವಣಾ ಆಯೋಗ ಮೇ 6ರಂದು ಎಲ್ಲ ಪಕ್ಷಗಳಿಗೂ ಗಂಭೀರವಾಗಿ ತಿಳಿಹೇಳಿತು. ಈ ವಿಡಿಯೋ ತೆಗೆಯಿರಿ ಎಂದು ಎಕ್ಸ್ ಸಂಸ್ಥೆಗೆ ಆದೇಶ ಹೋದದ್ದು ಯಾವತ್ತು? ಮೇ 7ರಂದು. ಬೆಳಗಾವಿಯಿಂದ ಶಿವಮೊಗ್ಗದವರೆಗೆ 14 ಕ್ಷೇತ್ರಗಳಲ್ಲಿ ಜನ ಮತ ಹಾಕುತ್ತಿದ್ದ ಅದೇ ದಿನ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಅಂದರೆ ಇದೇ. ಇಷ್ಟಾಗಿ ಇದು ವಿಳಾಸ ಇದ್ದ ಪೋಸ್ಟು. ಪಕ್ಷದ ಹೆಸರಿತ್ತು, ಚಿಹ್ನೆಯಿತ್ತು. ಹೆಸರೇ ಇಲ್ಲದೆ ಗುಂಪಿನಿಂದ ಗುಂಪಿಗೆ ದಾಟುವುದನ್ನು ಈ ಆಯೋಗ ಯಾವ ದಿನ ಹಿಡಿಯುತ್ತದೆ?

‘ಆದರೂ ಪ್ರಚಾರ ಅಗ್ಗವಾಯಿತಲ್ಲ’ ಎಂಬುದು ಮುಂದಿನ ಸಮಾಧಾನ. ಯಾರಿಗೆ ಅಗ್ಗವಾಯಿತು ಎಂದು ಕೇಳಬೇಕು. ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿ ಮಾಡಬಹುದಾದ ಖರ್ಚು 40 ಲಕ್ಷ, ಲೋಕಸಭೆಗೆ 95 ಲಕ್ಷ. ಈ ಮಿತಿ ಅಭ್ಯರ್ಥಿಗೆ ಮಾತ್ರ. ಪಕ್ಷಕ್ಕೆ ಮಿತಿಯೇ ಇಲ್ಲ. ಪಕ್ಷದ ಹೆಸರೂ ಹೇಳದ ‘ಅಭಿಮಾನಿ ಬಳಗ’ಗಳ ಪುಟಗಳಿಗೆ ಮಿತಿಯೂ ಇಲ್ಲ, ಲೆಕ್ಕವೂ ಇಲ್ಲ. ಅಭ್ಯರ್ಥಿಯ ಚಹಾ, ಚಿತ್ರಾನ್ನ, ಪೆಂಡಾಲಿನ ಬಾಡಿಗೆಯನ್ನು ದರಪಟ್ಟಿ ಹಿಡಿದು ಲೆಕ್ಕ ಹಾಕುವ ವೆಚ್ಚ ವೀಕ್ಷಕರು, ಅವನ ಪರವಾಗಿ ತಿಂಗಳುಗಟ್ಟಲೆ ಓಡುವ ರೀಲ್ಸ್‌ಗಳನ್ನು ಯಾವ ದರಪಟ್ಟಿಯಲ್ಲಿ ಹುಡುಕುತ್ತಾರೆ? 2013ರ ಅಕ್ಟೋಬರ್ 25ರಂದೇ ಆಯೋಗ ಸಾಮಾಜಿಕ ಮಾಧ್ಯಮದ ಬಗ್ಗೆ ಆದೇಶ ಹೊರಡಿಸಿತ್ತು. ಅಭ್ಯರ್ಥಿ ತನ್ನ ಖಾತೆಗಳನ್ನು ಪ್ರಮಾಣಪತ್ರದಲ್ಲಿ ಬರೆಯಬೇಕು, ಜಾಹೀರಾತಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಖರ್ಚು ತೋರಿಸಬೇಕು. ಸರಿ. ಅಭ್ಯರ್ಥಿಯೂ ಅಲ್ಲದ, ಪಕ್ಷವೂ ಅಲ್ಲದವರು ಹಾಕುವ ಪೋಸ್ಟುಗಳ ಗತಿ? ಅದರ ಬಗ್ಗೆ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯದ ಜೊತೆ ಸಮಾಲೋಚಿಸಿ ಪರಿಶೀಲಿಸಲಾಗುತ್ತಿದೆ ಎಂದು ಅದೇ ಆದೇಶದಲ್ಲಿತ್ತು. ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಮತ ಹಾಕುವ ವಯಸ್ಸಿಗೆ ಬಂದಿದೆ. ಕಳ್ಳಗಿಂಡಿ ಇನ್ನೂ ಮುಚ್ಚಿಲ್ಲ.

ಈ ಕಿಂಡಿಯಲ್ಲಿ ನುಸುಳಿದ್ದು ಬಡ ಕಾರ್ಯಕರ್ತನಲ್ಲ. ಫೇಸ್‌ಬುಕ್ 2019ರಲ್ಲಿ ಭಾರತಕ್ಕೂ ಜಾಹೀರಾತು ಸಂಗ್ರಹ ತೆರೆದು, ದುಡ್ಡು ಕೊಟ್ಟವರ ಹೆಸರು ತೋರಿಸುತ್ತೇವೆ ಎಂದಿತು. ಹೆಸರೇನೋ ಕಾಣುತ್ತದೆ, ಯಾವುದೋ ಪುಟದ ಹೆಸರು. ಆ ಪುಟದ ಹಿಂದಿರುವವರ ಹೆಸರಲ್ಲ. ಯಾರ ಪರವಾಗಿಯೋ ಯಾರೋ ಹಾಕಿಸಿದ ಇಂಥ ಬೇನಾಮಿ ಜಾಹೀರಾತುಗಳ ಜಾಲವನ್ನು ರಿಪೋರ್ಟರ್ಸ್ ಕಲೆಕ್ಟಿವ್ ಪತ್ರಕರ್ತರು 2022ರಲ್ಲಿ ಸರಣಿಯಾಗಿ ಬಯಲು ಮಾಡಿದರು. ಏನಾಯಿತು? ಕಾನೂನಿನಲ್ಲಿ ಒಂದು ಸಾಲು ಬದಲಾಯಿತೇ? ಗುಟ್ಟಿನ ದೇಣಿಗೆ ಮತದಾರನ ತಿಳಿಯುವ ಹಕ್ಕಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಚುನಾವಣಾ ಬಾಂಡನ್ನು ರದ್ದು ಮಾಡಿದಾಗ ನಾವೆಲ್ಲ ಸಂತೋಷಪಟ್ಟೆವು. ಬರುವ ದುಡ್ಡು ಗುಟ್ಟಾಗಿರಬಾರದು ಎಂದಾದರೆ, ಹೋಗುವ ದುಡ್ಡು ಮಾತ್ರ ಯಾಕೆ ಗುಟ್ಟಾಗಿರಬೇಕು?

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಪ್ರಚಾರ ನಿಲ್ಲಬೇಕು ಎಂಬ 126ನೇ ಕಲಂ ಸಿನಿಮಾ, ಟಿ.ವಿ.ಗಳನ್ನು ನೆನೆದು ಬರೆದದ್ದು. ಅಂತರ್ಜಾಲ ಕಂಪನಿಗಳಿಗೆ? 2019ರಲ್ಲಿ ಅವರಿಗೆ ‘ಸ್ವಯಂಪ್ರೇರಿತ ನೀತಿ ಸಂಹಿತೆ’ ಮಾಡಿಸಿ ಆಯೋಗ ಕೈತೊಳೆದುಕೊಂಡಿತು. ಹೆಂಡ ಹಂಚುವವರಿಗೂ ಒಂದು ಸ್ವಯಂಪ್ರೇರಿತ ಸಂಹಿತೆ ಮಾಡಿಸಿಬಿಡಬಹುದಿತ್ತಲ್ಲ!

ಇನ್ನು ನಮ್ಮ ಬಗ್ಗೆ ಅವರಿಗೆ ಏನೇನು ಗೊತ್ತಿದೆ ಎಂಬ ವಿಷಯ. 2022ರ ನವೆಂಬರ್‌ನಲ್ಲಿ ದಿ ನ್ಯೂಸ್ ಮಿನಿಟ್ ಮತ್ತು ಪ್ರತಿಧ್ವನಿ ಹೊರಗೆಡವಿದ ಚಿಲುಮೆ ಪ್ರಕರಣವನ್ನು ಬೆಂಗಳೂರಿನವರು ಎಷ್ಟು ಬೇಗ ಮರೆತರು! ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆ, ಅದೂ ಪುಕ್ಕಟೆಯಾಗಿ, ಎಂದು ಬಿಬಿಎಂಪಿಯಿಂದ ಅನುಮತಿ ಪಡೆದ ಚಿಲುಮೆ ಎಂಬ ಸಂಸ್ಥೆ, ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರನ್ನು ಮನೆಮನೆಗೆ ಕಳಿಸಿ ಜಾತಿ, ವಿದ್ಯೆ ಮುಂತಾದ ವಿವರ ಸಂಗ್ರಹಿಸಿ ಖಾಸಗಿ ಆ್ಯಪ್‌ಗೆ ತುಂಬಿತು ಎಂಬುದು ಆರೋಪ. ಬಂಧನಗಳಾದವು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಮರುಪರಿಶೀಲಿಸಲು ಆಯೋಗ ಆದೇಶಿಸಿತು, ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಹೇಳಿತು. ಪುಕ್ಕಟೆ ಸೇವೆ ಮಾಡಲು ಯಾರಾದರೂ ನೂರಾರು ಹುಡುಗರನ್ನು ಬೀದಿಗಿಳಿಸುತ್ತಾರೆಯೇ ಎಂದು ಅನುಮತಿ ಕೊಟ್ಟ ಮಹಾನುಭಾವರಿಗೆ ಅನ್ನಿಸಲಿಲ್ಲವೇ? ಮನೆಗೆ ಬಂದವನಿಗೆ ‘ನೀವು ಯಾವ ಪೈಕಿ’ ಎಂಬುದಕ್ಕೆ ಉತ್ತರ ಕೊಟ್ಟ ಆ ತಾಯಿಗೆ ಅದು ಸರ್ಕಾರದ ಪುಸ್ತಕಕ್ಕೆ ಹೋಗುತ್ತಿಲ್ಲ ಎಂದು ತಿಳಿಯುವ ದಾರಿಯೇನಿತ್ತು? ಜಾಲತಾಣದ ಜಾಹೀರಾತನ್ನು ಪಿನ್‌ಕೋಡ್ ಹಿಡಿದು, ವಯಸ್ಸು ಹಿಡಿದು ಕಳಿಸಬಹುದು. ಅದರ ಪಕ್ಕಕ್ಕೆ ಇಂಥದೊಂದು ಪಟ್ಟಿ ಇಟ್ಟುಕೊಂಡರೆ ಮತದಾರ ನಾಗರಿಕನಾಗಿ ಉಳಿಯುವುದಿಲ್ಲ, ಗುರಿ ಹಲಗೆಯಾಗುತ್ತಾನೆ.

ಈ ವಿದ್ಯೆಯಲ್ಲಿ ಪಳಗಿದವರಿಗೆ ಈಗ ಎಲ್ಲ ಪಕ್ಷಗಳಲ್ಲೂ ಮಣೆ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಗೆದ್ದಿತು; ಮರುತಿಂಗಳೇ ಪಕ್ಷದ ಚುನಾವಣಾ ತಂತ್ರಗಾರ ಸುನಿಲ್ ಕನುಗೋಲು ಅವರಿಗೆ ಮುಖ್ಯಮಂತ್ರಿಯ ಸಲಹೆಗಾರ ಹುದ್ದೆ, ಸಂಪುಟ ದರ್ಜೆ. ಜನ ಅವರಿಗೆ ಮತ ಹಾಕಿರಲಿಲ್ಲ. ಅವರು ಒಂದು ಸಭೆಯಲ್ಲೂ ಜನರೆದುರು ನಿಂತು ಮಾತಾಡಿದವರಲ್ಲ. ಮೂವತ್ತು ವರ್ಷ ಬಾವುಟ ಕಟ್ಟಿದ ಬ್ಲಾಕ್ ಅಧ್ಯಕ್ಷ ನಿಗಮ ಮಂಡಳಿಯ ಪಟ್ಟಿಗಾಗಿ ಕಾದು ಕೂತಿದ್ದ. ಜನರ ಕೈಗೆ ಬಂದ ರಾಜಕೀಯ ಅಂದರೆ ಇದೇ ಇರಬೇಕು.

ಅತ್ತ ಬಿಜೆಪಿಯ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ, ಅವರೇ ಹೇಳಿಕೊಂಡಿದ್ದಾರೆ. 2018ರಲ್ಲಿ ರಾಜಸ್ಥಾನದ ಕೋಟಾದಲ್ಲಿ ಪಕ್ಷದ ಸಾಮಾಜಿಕ ಮಾಧ್ಯಮ ಕಾರ್ಯಕರ್ತರೆದುರು ಅಮಿತ್ ಶಾ, ಉತ್ತರ ಪ್ರದೇಶದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 32 ಲಕ್ಷ ಜನ ಇದ್ದಾರೆ, ನಿಜವೋ ಸುಳ್ಳೋ ಯಾವ ಸಂದೇಶವನ್ನಾದರೂ ನಾವು ಜನರಿಗೆ ಮುಟ್ಟಿಸಬಲ್ಲೆವು ಎಂಬರ್ಥದ ಮಾತಾಡಿದರು. ಸುಳ್ಳು ಹರಡುವ ಕೆಲಸ ಮಾಡಬಾರದು ಎಂದೂ ಸೇರಿಸಿದರು, ಅದನ್ನೂ ಹೇಳಬೇಕು. ಆದರೆ ಆ ಭಾಷಣದಲ್ಲಿ ಹೆಮ್ಮೆ ಇದ್ದದ್ದು ಉಪದೇಶದ ಬಗ್ಗೆಯೋ, ಶಕ್ತಿಯ ಬಗ್ಗೆಯೋ? 2024ರ ಮಾರ್ಚ್‌ನಲ್ಲಿ ಚುನಾವಣೆ ಘೋಷಣೆಯಾದ ಮೇಲೂ ಪ್ರಧಾನಿಯ ಪತ್ರ ಹೊತ್ತ ‘ವಿಕಸಿತ ಭಾರತ’ ಸಂದೇಶ ಸರ್ಕಾರದ ಕಡೆಯಿಂದ ಜನರ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತಲೇ ಇತ್ತು. ನಿಲ್ಲಿಸಿ ಎಂದು ಆಯೋಗ ಹೇಳಿದಾಗ ಮಾಹಿತಿ ತಂತ್ರಜ್ಞಾನ ಸಚಿವಾಲಯ ಕೊಟ್ಟ ಕಾರಣ: ಸಂದೇಶ ಮೊದಲೇ ಕಳಿಸಿದ್ದು, ನೆಟ್‌ವರ್ಕ್ ಮಿತಿಯಿಂದ ತಲುಪುವುದು ತಡವಾಯಿತು. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ‘ಸರ್ವರ್ ಇಲ್ಲ’ ಎಂದು ವಾಪಸ್ ಬರುವ ಜನರಿಗೆ ಈ ಕಾರಣ ಚೆನ್ನಾಗಿ ಅರ್ಥವಾಗುತ್ತದೆ.

‘ಅತಿಯಾಯಿತು, ಫಾರ್ವರ್ಡ್ ಮೆಸೇಜಿಗೆ ಯಾರು ಮರುಳಾಗುತ್ತಾರೆ’ ಎನ್ನುವವರು ಬೆಂಗಳೂರಿನ ರೈಲು ನಿಲ್ದಾಣವನ್ನು ನೆನಪಿಸಿಕೊಳ್ಳಲಿ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ, ಕಾವಲುಗಾರರು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ಬರೀ ಸಂದೇಶಗಳಿಗೆ ಹೆದರಿ ಗುವಾಹಟಿಯ ವಿಶೇಷ ರೈಲು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೆಲ ದಿನ ಕಟ್ಟುಹಾಕಿತು. ಆರು ವರ್ಷ ಕಳೆದು 2018ರ ಜುಲೈಯಲ್ಲಿ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ತರುಣರನ್ನು ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಜನ ಅಟ್ಟಾಡಿಸಿದರು; ಒಬ್ಬ ಎಂಜಿನಿಯರ್ ಸತ್ತ. ದೇಶದ ಅನೇಕ ಕಡೆ ಹೀಗೆ ಹೆಣ ಬಿದ್ದ ಮೇಲೆ ವಾಟ್ಸ್‌ಆ್ಯಪ್ ಕಂಪನಿಗೆ ಎಚ್ಚರವಾಗಿ, ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಎಂದು ಮಿತಿ ಹಾಕಿತು. 2012ರಲ್ಲೂ ಐದು, 2018ರಲ್ಲೂ ಐದು. ನಡುವಿನ ಆರು ವರ್ಷ ಈ ಕಂಪನಿ, ಈ ಪಕ್ಷಗಳು, ಈ ಸರ್ಕಾರಗಳು ಏನು ಕಲಿತವು? ಕಲಿತದ್ದು ಒಂದನ್ನೇ: ಭಯ ಹೀಗೆ ಬೇಗ ಓಡುವುದಾದರೆ ಮತಕ್ಕಾಗಿಯೂ ಓಡಿಸಬಹುದು. ಅದೇ 2018ರ ಮೇ 12ರಂದು ನಡೆದ ನಮ್ಮ ವಿಧಾನಸಭಾ ಚುನಾವಣೆಯನ್ನು ಹೊರಗಿನ ಪತ್ರಕರ್ತರು ವಾಟ್ಸ್‌ಆ್ಯಪ್ ಚುನಾವಣೆ ಎಂದು ಬಂದು ನೋಡಿ ಬರೆದುಕೊಂಡು ಹೋದರು. ನಮ್ಮವರು ಅದನ್ನು ಪ್ರಶಸ್ತಿಯೆಂದು ತಿಳಿದರು.

ಹಾಸನದ ವಿಷಯಕ್ಕೆ ಬರಲೇಬೇಕು. 2024ರ ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮೊದಲು ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿ ಇದ್ದದ್ದು ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ ಲೈಂಗಿಕ ದೌರ್ಜನ್ಯದ ವಿಡಿಯೋಗಳು. ಅಲ್ಲಿಂದ ಮೊಬೈಲಿಗೆ, ಮೊಬೈಲಿನಿಂದ ಮೊಬೈಲಿಗೆ. ಅಪರಾಧ ಘೋರ, 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯೂ ಆಯಿತು. ಆದರೆ ಆ ಹೆಂಗಸರ ಮುಖವನ್ನೂ ಮರೆಮಾಡದೆ, ಅವರ ಊರು ಕೇರಿಯಲ್ಲೇ, ಅವರ ಗಂಡಂದಿರ ಮಕ್ಕಳ ಫೋನಿಗೇ ಬಂದು ಬೀಳುವಂತೆ ಹಂಚಿದವರು ಯಾವ ನ್ಯಾಯ ಹುಡುಕುತ್ತಿದ್ದರು? ನ್ಯಾಯ ಬೇಕಿದ್ದವನು ಪೊಲೀಸ್ ಠಾಣೆಗೆ ಹೋಗುತ್ತಾನೆ, ಮಹಿಳಾ ಆಯೋಗಕ್ಕೆ ಹೋಗುತ್ತಾನೆ. ಬಸ್ ನಿಲ್ದಾಣದಲ್ಲಿ ಪೆನ್‌ಡ್ರೈವ್ ಬಿಸಾಡಿ ಹೋಗುವುದಿಲ್ಲ. ಸಂತ್ರಸ್ತೆಯರೇ ಇಲ್ಲಿ ಚುನಾವಣಾ ಸಾಮಗ್ರಿ. ಹಂಚಿದ ಆರೋಪದ ಮೇಲೆ ಎಸ್‌ಐಟಿ ಕೆಲವರನ್ನು ಬಂಧಿಸಿತು ನಿಜ. ಆದರೆ ಒಂದೊಂದು ಪಕ್ಷವೂ ಇನ್ನೊಂದರ ಕಡೆ ಬೆರಳು ತೋರಿಸಿದ್ದು ಬಿಟ್ಟರೆ, ಇದನ್ನು ಆಗುಮಾಡಿದ ಪ್ರಚಾರದ ರೀತಿಯ ಬಗ್ಗೆಯೇ ಯಾರಾದರೂ ನಾಚಿಕೊಂಡರೇ? ಊರುಬಿಟ್ಟು ಹೋದ ಆ ಕುಟುಂಬಗಳಿಗೆ ‘ಅಂತರ್ಜಾಲ ಜನಸಾಮಾನ್ಯರಿಗೆ ದನಿ ಕೊಟ್ಟಿದೆ’ ಎಂದು ಯಾವ ಪ್ರಾಧ್ಯಾಪಕರು ಹೋಗಿ ಹೇಳುತ್ತಾರೆ?

ಇದಕ್ಕೆ ಹೋಲಿಸಿದರೆ 2019ರ ಮಂಡ್ಯದ್ದು ಬರೀ ತಮಾಷೆ. ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂದು ನಾಡೆಲ್ಲ ನಕ್ಕಿತು. ‘ಜಾಗ್ವಾರ್’ ಸಿನಿಮಾದ ಸಮಾರಂಭದ ಹಳೇ ತುಣುಕು, ಸುಮಲತಾ ಅವರ ಗೆಲುವಿನ ಅಂತರ 1.25 ಲಕ್ಷ, ಟ್ರೋಲ್ ಒಂದು ಮುಖ್ಯಮಂತ್ರಿಯ ಮಗನನ್ನೇ ಸೋಲಿಸಿತು ಎಂದು ವಿಶ್ಲೇಷಕರು ಬೀಗಿದರು. ಆ ಚುನಾವಣೆಯಲ್ಲಿ ಮೈಷುಗರ್ ಕಾರ್ಖಾನೆಯ ಬಗ್ಗೆ, ಕಬ್ಬಿನ ಬಾಕಿಯ ಬಗ್ಗೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ರೈತನಿಗೆ ನೀರು ಬರದ ಬಗ್ಗೆ ಯಾವ ಅಭ್ಯರ್ಥಿ ಏನು ಹೇಳಿದರು, ಯಾರಿಗಾದರೂ ನೆನಪಿದೆಯೇ? ನಕ್ಕು ಸುಸ್ತಾದ ಮೇಲೆ ಉಳಿದದ್ದೇನು?

ಪತ್ರಿಕೆ ಮತ್ತು ಟಿ.ವಿ.ಯವರು ಇಲ್ಲಿ ಬಲಿಪಶುಗಳ ವೇಷ ಹಾಕುವುದನ್ನು ನಿಲ್ಲಿಸಲಿ. ಗೂಗಲ್, ಫೇಸ್‌ಬುಕ್ ಜಾಹೀರಾತು ಕಿತ್ತುಕೊಂಡವು ಎಂಬ ದೂರು ಸುಳ್ಳಲ್ಲ. ಪ್ರಕಾಶಕರ ದೂರಿನ ಮೇಲೆ ಗೂಗಲ್ ವಿರುದ್ಧ ತನಿಖೆಗೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ಆದೇಶಿಸಿದ್ದೂ ಹೌದು. ಆದರೆ ಜಾಹೀರಾತು ಹೋಯಿತೆಂದು ತಾಲ್ಲೂಕಿನ ವರದಿಗಾರನನ್ನು ಮನೆಗೆ ಕಳಿಸಿ, ಆ ಜಾಗದಲ್ಲಿ ‘ನೆಟ್ಟಿಗರು ಗರಂ’, ‘ವಿಡಿಯೋ ವೈರಲ್’ ಎಂದು ತುಂಬಿಸಿದವರು ಯಾರು? ಎಸಿ ಕೋಣೆಯಲ್ಲಿ ಕೂತು ಇಬ್ಬರು ನಾಯಕರ ಟ್ವೀಟುಗಳನ್ನು ಒಂದರ ಕೆಳಗೊಂದು ಜೋಡಿಸಿ ‘ಟ್ವೀಟ್ ಸಮರ’ ಎಂದು ಮುಖಪುಟಕ್ಕೆ ಏರಿಸಿದವರು ಯಾರು? ಪಕ್ಷದ ಐ.ಟಿ. ಘಟಕ ಬೆಳಿಗ್ಗೆ ಹುಟ್ಟಿಸಿದ ಸುಳ್ಳು ಸಂಜೆ ಚಾನೆಲ್ಲಿನಲ್ಲಿ ‘ಹೀಗೊಂದು ಚರ್ಚೆ’ಯಾಗಿ ಕೂತುಕೊಳ್ಳುತ್ತದೆ; ಮರುದಿನ ಆ ಚಾನೆಲ್ಲಿನ ತುಣುಕೇ ಸಾಕ್ಷಿಯಾಗಿ ವಾಟ್ಸ್‌ಆ್ಯಪ್‌ಗೆ ಮರಳುತ್ತದೆ. ಎಷ್ಟು ಚೊಕ್ಕ ವ್ಯವಹಾರ! ಕಾಸಿಗಾಗಿ ಸುದ್ದಿ ಮಾರಿದ ಪಾಪ ಪತ್ರಿಕೆಗಳ ಮೇಲೆ ಹಿಂದೆಯೇ ಇದೆ. ಆದರೆ ಆ ಪಾಪಕ್ಕೆ ಒಂದು ಪುಟ ಇತ್ತು, ತಾರೀಕು ಇತ್ತು. ಹಾಗಾಗಿಯೇ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಸುದ್ದಿಯ ವೇಷದ ಜಾಹೀರಾತಿನ ಖರ್ಚು ಮುಚ್ಚಿಟ್ಟದ್ದಕ್ಕೆ 2011ರಲ್ಲಿ ಆಯೋಗ ಅವರನ್ನು ಅನರ್ಹಗೊಳಿಸಲು ಆಯಿತು. ಕಾಸು ಪಡೆದು ‘ನಮ್ಮ ಮನದಾಳದ ಮಾತು’ ಎಂದು ರೀಲ್ಸ್ ಮಾಡುವವರ ವಿಷಯದಲ್ಲಿ ಸಾಕ್ಷಿ ಎಲ್ಲಿ ಹುಡುಕುವುದು? ಉತ್ತರ ಪ್ರದೇಶ ಸರ್ಕಾರ 2024ರಲ್ಲಿ ತನ್ನ ಯೋಜನೆಗಳನ್ನು ಪ್ರಚಾರ ಮಾಡುವ ಯೂಟ್ಯೂಬರುಗಳಿಗೆ ತಿಂಗಳಿಗೆ 8 ಲಕ್ಷ ರೂಪಾಯಿವರೆಗೆ ಕೊಡುವ ನೀತಿಯನ್ನೇ ಮಾಡಿತು. ಮಾಲೀಕರ ಹಂಗಿಲ್ಲದ ಹೊಸ ಮಾಧ್ಯಮ ಎಂದಿರಲ್ಲ, ಇದೋ ಮಾಲೀಕ.

ಪಿ. ಲಂಕೇಶ್ 1980ರಲ್ಲಿ ಜಾಹೀರಾತೇ ಇಲ್ಲದೆ ಪತ್ರಿಕೆ ಶುರುಮಾಡಿ ಓದುಗರ ಕಾಸಿನ ಮೇಲೆ ನಡೆಸಿದರು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ಕಟ್ಟಲು ಓದುಗರ ಬಳಿಗೇ ಹೋದರು. ಇವರನ್ನು ಮೆಚ್ಚುವುದು, ಹೊಗಳುವುದು ಬೇಡ, ಒಪ್ಪದವರೂ ಬೇಕಾದಷ್ಟಿದ್ದರು. ಆದರೆ ಯಾರನ್ನು ಒಪ್ಪುತ್ತಿಲ್ಲ ಎಂದು ಅವರಿಗೆ ಗೊತ್ತಿತ್ತು. ಮಾನನಷ್ಟ ಮೊಕದ್ದಮೆ ಹೂಡಲು ಒಂದು ಹೆಸರಿತ್ತು. ಗೌರಿ ಲಂಕೇಶ್ ತಮ್ಮ ಕಟ್ಟಕಡೆಯ ಸಂಪಾದಕೀಯದಲ್ಲಿ ಬರೆದದ್ದು ಸುಳ್ಳು ಸುದ್ದಿಯ ಕಾರ್ಖಾನೆಗಳ ಬಗ್ಗೆಯೇ. ಗಣೇಶನನ್ನು ಕೂರಿಸುವ ವಿಷಯದಲ್ಲಿ ರಾಜ್ಯ ಸರ್ಕಾರದ ಮೇಲೆ ಹಬ್ಬಿಸಿದ ಸುಳ್ಳಿನಿಂದ ಅದು ಶುರುವಾಗುತ್ತದೆ. ಆ ಸಂಚಿಕೆ ಓದುಗರ ಕೈ ಸೇರುವ ಮೊದಲೇ, 2017ರ ಸೆಪ್ಟೆಂಬರ್ 5ರಂದು, ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಹೆಸರು ಹಾಕಿ ಬರೆದವರಿಗೆ ಗುಂಡು, ಹೆಸರಿಲ್ಲದೆ ಹರಡಿದವರಿಗೆ ಫಾಲೋವರ್ಸು.

ಇಷ್ಟೆಲ್ಲ ಆದ ಮೇಲೆ ಸರ್ಕಾರಗಳಿಗೆ ಹೊಳೆಯುವ ಮದ್ದು ಒಂದೇ: ಯಾವುದು ಸುಳ್ಳು ಎಂದು ನಾವೇ ಹೇಳುತ್ತೇವೆ. ಕೇಂದ್ರದ ಫ್ಯಾಕ್ಟ್‌ಚೆಕ್ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೊಡೆದುಹಾಕಿತು. ಬುದ್ಧಿ ಬಂತೇ? ಮರುವರ್ಷವೇ ಕರ್ನಾಟಕ ಸರ್ಕಾರ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ವಿಧಿಸುವ ಕರಡು ಮಸೂದೆ ಹೆಣೆಯಿತು. ಪೋಸ್ಟರ್ ಅಂಟಿಸಿದ್ದಕ್ಕೆ ಪೊಲೀಸ್ ವ್ಯಾನ್ ಹತ್ತಿದವರೇ ಅಧಿಕಾರಕ್ಕೆ ಬಂದ ಮೇಲೆ ಬರೆದ ಕರಡು ಇದು! ಇಂಥ ಕಾನೂನಿಗೆ ಸಿಕ್ಕಿಬೀಳುವವರು ಯಾರು? ಸಂಪುಟ ದರ್ಜೆಯ ತಂತ್ರಗಾರರಲ್ಲ, ದೆಹಲಿಯ ಏಜೆನ್ಸಿಗಳಲ್ಲ, ಕ್ಯಾಲಿಫೋರ್ನಿಯಾದ ಕಂಪನಿಗಳಲ್ಲ. ಫಾರ್ವರ್ಡ್ ಮಾಡಿದ ಕಾಲೇಜು ಹುಡುಗ, ಗ್ರಾಮ ಪಂಚಾಯಿತಿ ಭ್ರಷ್ಟಾಚಾರದ ಬಗ್ಗೆ ಬರೆದ ಸಣ್ಣ ಪತ್ರಿಕೆಯವನು. ಯಾವುದು ನಿಜ ಎಂದು ತೀರ್ಮಾನಿಸುವ ಅಧಿಕಾರವನ್ನು ಯಾರೂ ಸರ್ಕಾರಕ್ಕೆ ಕೊಟ್ಟಿಲ್ಲ. ನಾವು ಕೇಳಬೇಕಾದ್ದು ಅದಲ್ಲ. ಮಾತಿಗೆ ಬೇಲಿ ಬೇಡ, ಮಾತಾಡಿದವನ ಹೆಸರು ಬೇಕು. ಅವನ ಜೇಬಿಗೆ ಬಂದ ದುಡ್ಡಿನ ಲೆಕ್ಕ ಬೇಕು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ದುಡ್ಡು ಕೊಟ್ಟು ಹರಡಿಸುವ ಪ್ರತಿ ರಾಜಕೀಯ ವಿಡಿಯೋದ ಮೇಲೆ, ಪ್ರತಿ ಚಿತ್ರದ ಮೇಲೆ, ದುಡ್ಡು ಕೊಟ್ಟ ನಿಜವಾದ ವ್ಯಕ್ತಿಯ ಅಥವಾ ಪಕ್ಷದ ಹೆಸರು ಇರಬೇಕು. ಯಾವ ಪಿನ್‌ಕೋಡಿಗೆ, ಯಾವ ವಯಸ್ಸಿನವರಿಗೆ ಅದನ್ನು ಕಳಿಸಲಾಯಿತು ಎಂಬುದನ್ನು ಅದೇ ದಿನ ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ಪಕ್ಷಗಳ ಖರ್ಚಿಗೂ ಮಿತಿ ಬೇಕು. ಯಾವ ಏಜೆನ್ಸಿಗೆ ಎಷ್ಟು ಕೊಟ್ಟೆವು ಎಂಬುದು ಚುನಾವಣೆ ಮುಗಿದು ತಿಂಗಳುಗಳಾದ ಮೇಲಲ್ಲ, ಮತ ಹಾಕುವ ಮೊದಲೇ ನಮಗೆ ತಿಳಿಯಬೇಕು. ಪಕ್ಷಗಳು ನಮ್ಮ ಬಗ್ಗೆ ಇಟ್ಟುಕೊಂಡ ವಿವರ ಕೇಳಿದರೆ ತೋರಿಸಬೇಕು, ಅಳಿಸೆಂದರೆ ಅಳಿಸಬೇಕು. ಕಾಸು ಪಡೆದ ಯೂಟ್ಯೂಬರ್ ಕಾಸು ಪಡೆದೆ ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು. ಪತ್ರಿಕೆಯವರು ಮೂಲ ಗೊತ್ತಿಲ್ಲದ ಯಾವ ವೈರಲ್ ವಸ್ತುವನ್ನೂ ಮುಟ್ಟಬಾರದು. ಓದುಗರು ಪುಕ್ಕಟೆ ಸುದ್ದಿಯ ಚಟ ಬಿಟ್ಟು, ತಮ್ಮ ಜಿಲ್ಲೆಯಲ್ಲಿ ಇನ್ನೂ ಉಸಿರಾಡುತ್ತಿರುವ ಒಂದಾದರೂ ಪತ್ರಿಕೆಗೆ ಚಂದಾ ಕಟ್ಟಬೇಕು. ತಾಲ್ಲೂಕು ಕೇಂದ್ರದ ಪ್ರೆಸ್ಸಿನವರು ದಶಕಗಳಿಂದ ಪಾಲಿಸಿಕೊಂಡು ಬಂದದ್ದನ್ನು ಜಗತ್ತಿನ ಅತಿ ಶ್ರೀಮಂತ ಕಂಪನಿಗಳು ಪಾಲಿಸಲಾರವೇ?

ಲೋಕಸಭೆ, ವಿಧಾನಸಭೆಯ ಕಾನೂನು ದೆಹಲಿಯದು ಎಂದು ನಮ್ಮ ಸಚಿವರು ನುಣುಚಿಕೊಳ್ಳಬಹುದು. ಸರಿ, ಅದು ಅಲ್ಲಿರಲಿ. ಪಂಚಾಯಿತಿಗಳ, ನಗರಸಭೆ ಪಾಲಿಕೆಗಳ ಚುನಾವಣೆಗೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನ ರಾಜ್ಯ ಶಾಸನಸಭೆಗೇ ಕೊಟ್ಟಿದೆ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೂ, ಬೆಂಗಳೂರು ಪಾಲಿಕೆಯದು 2020ರಲ್ಲೂ ಮುಗಿದು, ಒಂದಿಲ್ಲೊಂದು ನೆಪದಲ್ಲಿ ಚುನಾವಣೆ ಮುಂದೂಡುತ್ತಾ ಬಂದವರಿಗೆ ಒಂದು ಕಲಂ ಬರೆಯಲು ಬಿಡುವಿರಲಿಲ್ಲ ಎಂದರೆ ನಂಬಬೇಕೇ? ಮುಂದಿನ ಅಧಿವೇಶನದಲ್ಲೇ ಬರೆಯಲಿ: ಕರಪತ್ರಕ್ಕೆ ಅನ್ವಯಿಸುವ ನಿಯಮ ಈ ರಾಜ್ಯದ ಪಂಚಾಯಿತಿ, ಪಾಲಿಕೆ ಚುನಾವಣೆಗಳಲ್ಲಿ ದುಡ್ಡು ಕೊಟ್ಟು ಮಾಡಿಸುವ ಪ್ರತಿ ಅಂತರ್ಜಾಲ ಪ್ರಚಾರಕ್ಕೂ ಅನ್ವಯಿಸುತ್ತದೆ, ತಪ್ಪಿದ ಅಭ್ಯರ್ಥಿಯ ಗೆಲುವು ರದ್ದಾಗುತ್ತದೆ. ಆಡಳಿತ ಪಕ್ಷ ಮಂಡಿಸಲಿ, ವಿರೋಧ ಪಕ್ಷಗಳು ಬೆಂಬಲಿಸಲಿ. ಯಾವ ಪಕ್ಷ ವಿರೋಧಿಸುತ್ತದೆಯೋ ಅದರ ಶಾಸಕ ನಿಮ್ಮ ಊರಿಗೆ ಬಂದಾಗ, ಅವನು ಮೊಬೈಲ್ ಎತ್ತಿ ಸೆಲ್ಫಿ ಹಿಡಿಯುವ ಮೊದಲು, ಎದುರು ನಿಂತು ಕೇಳಿ: ನಿಮ್ಮ ಪರವಾಗಿ ನಮ್ಮ ಫೋನಿಗೆ ಬರುತ್ತಿರುವುದಕ್ಕೆಲ್ಲ ದುಡ್ಡು ಕೊಡುತ್ತಿರುವವರು ಯಾರು, ಹೆಸರು ಹೇಳಿ.